ಅಪ್ಪ ಇಷ್ಟಾನಾ, ಅಮ್ಮ ಇಷ್ಟಾನಾ

ನಾನು ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಮದುವೆಯಾಗಿ ಹೊನ್ನಾಳಿಗೆ ಬಂದು ಅಲ್ಲಿನ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿದಾಗ ಹಿರಿಯ ವಕೀಲರಿಗೆ ಹಬ್ಬವೋ ಹಬ್ಬ. ಊರಿನ ಹೆಸರಲ್ಲೇ ಸೊಕ್ಕು, ತಾಲ್ಲೂಕಿನ ಹೆಸರಲ್ಲೇ ಜಗಳ, ಗಂಡ ಹೆಂಡತಿಯ ಕೇಸುಗಳನ್ನು ಈಯಮ್ಮನಿಗಲ್ಲದೆ ಇನ್ಯಾರಿಗೆ ಕೊಡೋಣ ಎಂದು ಚಹಾ ಕುಡಿಯುವಾಗಲೆಲ್ಲ ನಗುತ್ತಿದ್ದರು. ತಮಾಷೆಯೇ ನಿಜವಾಯಿತು. ಕೌಟುಂಬಿಕ ದೌರ್ಜನ್ಯದ ಕೇಸುಗಳು ಒಂದೊಂದಾಗಿ ನನ್ನ ಮೇಜಿಗೆ ಬಂದವು. ಉಚಿತ ಕಾನೂನು ನೆರವು ಕೊಡುವ ವಕೀಲರಲ್ಲಿ ನಾನೂ ಒಬ್ಬಳಾದ್ದರಿಂದ, ಮಗುವಿನ ಪರವಾಗಿ ಮಾತಾಡಲು ಯಾರಾದರೂ ಬೇಕು ಎಂದಾಗ ನ್ಯಾಯಾಧೀಶರ ಕಣ್ಣು ನನ್ನ ಕಡೆಗೇ ತಿರುಗುತ್ತಿತ್ತು.

ಅಂಥದೊಂದು ಕೇಸಿನ ಹುಡುಗಿಗೆ ಆಗ ಏಳು ವರ್ಷವಿರಬೇಕು. ಅಪ್ಪನ ಊರು ಚನ್ನಗಿರಿ ಕಡೆಯ ಕೆರೆಬಿಳಚಿ. ಅವನ ಹೊಡೆತ ತಾಳಲಾರದೆ ಅಮ್ಮ ಮಗಳನ್ನು ಕರೆದುಕೊಂಡು ನ್ಯಾಮತಿ ಹತ್ತಿರದ ತವರಿಗೆ ಬಂದುಬಿಟ್ಟಿದ್ದಳು. ತನಗೆ ರಕ್ಷಣೆ ಬೇಕೆಂದು ಅರ್ಜಿಯನ್ನೂ ಹಾಕಿದ್ದಳು. ಹೊಡೆದದ್ದೆಲ್ಲ ಸುಳ್ಳು, ಮಗಳನ್ನು ನನಗೆ ಕೊಡಿಸಿ ಎಂದು ಅವನು ಉತ್ತರ ಕೊಟ್ಟಿದ್ದ. ಇಬ್ಬರಿಗೂ ಅವರವರ ವಕೀಲರಿದ್ದರು. ಮಗುವಿಗೆ ಯಾರೂ ಇರಲಿಲ್ಲ. ಅದರ ಮನಸ್ಸಲ್ಲಿ ಏನಿದೆ ಎಂದು ತಿಳಿದು ಬನ್ನಿ ಎಂದು ನ್ಯಾಯಾಧೀಶರು ನನ್ನನ್ನು ನೇಮಿಸಿದರು.

ಒಂದು ಭಾನುವಾರ ಹುಡುಗಿಯ ಅಜ್ಜಿಯ ಮನೆಗೆ ಹೋದೆ. ಮಕ್ಕಳ ಜತೆ ಮಾತಾಡುವುದು ಹೇಗೆ ಎಂಬ ತರಬೇತಿಯನ್ನು ದಾವಣಗೆರೆಯಲ್ಲಿ ಮುಗಿಸಿ ಬಂದಿದ್ದೆ, ಹಾಗಾಗಿ ಧೈರ್ಯ ಸ್ವಲ್ಪ ಹೆಚ್ಚೇ ಇತ್ತು. ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕು ಎಂದು ಕಲಿಸಿದ್ದರು. ಗಂಜಿ ಹಾಕಿದ ಕಾಟನ್ ಸೀರೆಯಲ್ಲಿ ನೆಲಕ್ಕೆ ಕೂತೆ. ಹೇಗೆ ಏಳಬೇಕು ಎಂಬುದನ್ನು ಅಲ್ಲಿ ಹೇಳಿಕೊಟ್ಟಿರಲಿಲ್ಲ.

ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀವೂ ಅದನ್ನೇ ಕೇಳಾಕೆ ಬಂದೀರಾ?"

"ಯಾವುದನ್ನ?"

"ಅಪ್ಪ ಇಷ್ಟಾನಾ, ಅಮ್ಮ ಇಷ್ಟಾನಾ ಅಂತ."

ಸ್ಕೂಲಿನ ಮಿಸ್ಸು, ಅಂಗಡಿಯವನು, ಮಾವಂದಿರು, ಬಸ್ಸಿನ ಕಂಡಕ್ಟರ್ ಎಲ್ಲರೂ ಅದನ್ನೇ ಕೇಳಿದ್ದರಂತೆ. ಮೊದಮೊದಲು ಇಬ್ಬರೂ ಇಷ್ಟ ಅಂದಳಂತೆ. ಅದು ಯಾರಿಗೂ ಸಾಲದೆ ಮತ್ತೆ ಮತ್ತೆ ಕೇಳಿದರಂತೆ. ಕೊನೆಗೆ ಬೇಸತ್ತು ಮಿಸ್ಸಿಗೆ ಅಮ್ಮ ಎಂದೂ ಅಂಗಡಿಯವನಿಗೆ ಅಪ್ಪ ಎಂದೂ ಹೇಳಿ, ಕಂಡಕ್ಟರ್ ಕೇಳಿದಾಗ ನಮ್ಮಜ್ಜಿ ಮೇಕೆ ಇಷ್ಟ ಅಂದುಬಿಟ್ಟಿದ್ದಳು.

ನಾನು ಅದನ್ನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಇನ್ನೇನು ಕೇಳುವುದು ಎಂದು ಹೊಳೆಯಲಿಲ್ಲ. ಕೋರ್ಟಿನವಳಾದ ನನ್ನ ಬಾಯಿಗೆ ಬಂದದ್ದು ಒಂದೇ ಮಾತು: ಯಾರ ಮೇಲಾದರೂ ಏನಾದರೂ ದೂರು ಐತಾ?

ಅವಳ ಮುಖ ಅರಳಿತು. ಇಂಥದೊಂದು ಪ್ರಶ್ನೆಗೇ ಅವಳು ಕಾದಿದ್ದಳೆಂದು ಕಾಣುತ್ತದೆ. ಅಜ್ಜಿ ತಲೆ ಬಾಚುವಾಗ ಕೂದಲು ಕಿತ್ತು ಬರುವ ಹಾಗೆ ಎಳೆಯುತ್ತಾಳೆ. ಮೇಕೆ ಹೋಂವರ್ಕ್ ತಿಂದಿತು. ಅಮ್ಮ ಕತೆ ಹೇಳುತ್ತ ರಾಜಕುಮಾರಿಯನ್ನು ಕಾಡಲ್ಲೇ ಬಿಟ್ಟು ನಿದ್ದೆ ಹೋಗುತ್ತಾಳೆ. ಕೆರೆಬಿಳಚಿ ಅಜ್ಜಿ ದಿನಾ ಉಪ್ಪಿಟ್ಟು ಮಾಡುತ್ತಿದ್ದಳು. ಅಪ್ಪ ಕೆರೆ ಏರಿಗೆ ಕರೆದುಕೊಂಡು ಹೋಗಿ ಫೋನಿನಲ್ಲೇ ಇರುತ್ತಿದ್ದ. ಕಡೆಗೆ ನನ್ನ ಮೇಲೂ ಒಂದು ಬಂತು. ನಾನು ಟೀವಿಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತೇನಂತೆ. ತಲೆ ಬಾಚುವ ದೂರು ಅಡುಗೆಮನೆಗೂ ಕೇಳಿಸಿತ್ತೆಂದು ಕಾಣುತ್ತದೆ. ಊಟಕ್ಕೆ ಕೂತಾಗ ಅಜ್ಜಿ ನನಗೆ ತುಪ್ಪ ಹಾಕಲು ಮರೆತರು.

ಇದನ್ನೆಲ್ಲ ಜಡ್ಜ್ ಸಾಹೇಬರ ಮುಂದೆ ಹೇಳುತ್ತೀಯಾ ಎಂದೆ. ಅವರೂ ಆ ಪ್ರಶ್ನೆ ಕೇಳದಿದ್ದರೆ ಹೇಳುತ್ತೇನೆ ಎಂದಳು. ಕೋರ್ಟಿನಲ್ಲಿ ಮಗುವಿನ ಕೋರಿಕೆ ಇದೊಂದೇ ಎಂದು ತಿಳಿಸಿದೆ. ಅಪ್ಪನ ಕಡೆಯ ವಕೀಲರು, ಅದನ್ನೂ ಕೇಳದಿದ್ದರೆ ಮತ್ತೇನು ಕೇಳೋದು ಮೇಡಂ ಎಂದು ನಿಜವಾದ ಗಾಬರಿಯಿಂದಲೇ ಕೇಳಿದರು. ನ್ಯಾಯಾಧೀಶರು ಒಪ್ಪಿದರು.

ಅವರು ಶಿಸ್ತಿನ ಮನುಷ್ಯ. ಅವರೆದುರು ದೊಡ್ಡ ದೊಡ್ಡ ಗಂಟಲಿನ ವಕೀಲರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅವತ್ತು ತಮ್ಮ ಕೊಠಡಿಯಲ್ಲಿ ಕೋಟು ಬಿಚ್ಚಿಟ್ಟು, ಹುಡುಗಿಯ ಮುಂದೆ ಬಿಸ್ಕತ್ತಿನ ತಟ್ಟೆ ಸರಿಸಿ, "ಏನಮ್ಮಾ, ನಿನಗೆ ಅಪ್ಪ..." ಎಂದು ಶುರು ಮಾಡಿಯೇಬಿಟ್ಟರು. ಹುಡುಗಿ ನನ್ನ ಕಡೆ ನೋಡಿದಳು. ಸಾಹೇಬರು ಅರ್ಧಕ್ಕೇ ನಿಲ್ಲಿಸಿ ನೀರು ಕುಡಿದರು. ಆಮೇಲೆ ದೂರು ಕೇಳಿದರು.

ತಲೆ ಬಾಚುವುದು ಆಯಿತು, ಮೇಕೆ ಆಯಿತು. ಮೇಕೆಯ ವಿಷಯವನ್ನು ಸಾಹೇಬರು ಬರೆದುಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ನನಗೆ ಹೇಳದಿದ್ದ ಒಂದು ಹೊಸ ದೂರು ಬಂತು. ಅಜ್ಜಿ ಮನೆಯಲ್ಲಿ ಟೀವಿ ಸೌಂಡು ಜೋರಾಗಿ ಇಡಲು ಬಿಡುವುದಿಲ್ಲವಂತೆ.

"ಜೋರು ಯಾಕಮ್ಮಾ ಬೇಕು?"

"ಕೆರೆಬಿಳಚೀಲಿ ಅಮ್ಮನೇ ಜೋರು ಇಟ್ಕೋ ಅಂತಿದ್ಲು. ಅಪ್ಪಾಜಿ ಬಂದು ರೂಮಿನ ಬಾಗ್ಲು ಹಾಕೋ ಮುಂಚೆ."

ಸಾಹೇಬರ ಪೆನ್ನು ನಿಂತಿತು. ಆಗ ಟೀವಿಯಲ್ಲಿ ಏನು ಬರುತ್ತಿತ್ತು ಎಂದು ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ. ನಾನು ಬಾಗ್ಲು ನೋಡ್ತಿದ್ದೆ."

ಇಷ್ಟು ಹೇಳಿ ಅವಳು ಅದೇ ದನಿಯಲ್ಲಿ ಉಪ್ಪಿಟ್ಟಿಗೆ ಹೋದಳು. ದೊಡ್ಡವರಾದ ನಮ್ಮಿಬ್ಬರಿಗೆ ಅವಳ ಜತೆ ಉಪ್ಪಿಟ್ಟಿಗೆ ಹೋಗುವುದು ಕಷ್ಟವಾಯಿತು.

ಸಾಕ್ಷಿ, ವಾದ ಎಲ್ಲ ಮುಗಿದು ಆದೇಶ ಬಂತು. ಅಮ್ಮನಿಗೆ ರಕ್ಷಣೆ. ಮಗಳು ಅಮ್ಮನ ಬಳಿಯೇ. ಅಪ್ಪ ಕೆಲವು ಶನಿವಾರಗಳಂದು ಕೋರ್ಟಿನ ಪಕ್ಕದ ಕೋಣೆಯಲ್ಲಿ, ನನ್ನ ಎದುರಿಗೇ, ಮಗಳನ್ನು ನೋಡಬಹುದು.

ಮೊದಲ ಶನಿವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಗಳಷ್ಟೇ ಎತ್ತರದ ಗೊಂಬೆಯೊಂದನ್ನು ತಬ್ಬಿಕೊಂಡು ಬಂದ. ಗೊಂಬೆಗೂ ಒಂದು ಕುರ್ಚಿ ಬೇಕಾಯಿತು. ಕೂತವನೇ, ನಾನು ಇಷ್ಟಾನೋ ಇಲ್ವೋ ನಿಂಗೆ ಅಂದ.

"ಅದನ್ನ ಕೇಳಂಗಿಲ್ಲ ಅಪ್ಪಾಜಿ. ಕೋರ್ಟಲ್ಲಿ ಹೇಳೈತೆ."

ಆದೇಶದಲ್ಲಿ ಅಂಥ ಸಾಲು ಇರಲಿಲ್ಲ. ವಕೀಲಳಾಗಿ ನಾನು ತಿದ್ದಬೇಕಿತ್ತು. ಕಿಟಕಿಯಾಚೆ ನೋಡುತ್ತ ಕೂತೆ. ಮತ್ತೇನು ಕೇಳಲಿ ಎಂದು ಅವನು ಕೇಳಿದ್ದಕ್ಕೆ ಮಗಳೇ ಹೇಳಿಕೊಟ್ಟಳು. ಅವನು ದೂರು ಕೇಳಿದ. ಉಪ್ಪಿಟ್ಟಿಗೆ ನಕ್ಕ. ಫೋನಿನ ಮಾತಿಗೆ ತಲೆ ಕೆರೆದುಕೊಂಡ.

"ಟೀವಿ ಜೋರು ಇಟ್ರೂ ನಂಗೆ ಕೇಳ್ತಿತ್ತು" ಎಂದಳು.

ಅವನು ಗೊಂಬೆಯ ಫ್ರಾಕಿನ ಅಂಚನ್ನು ಬಹಳ ಹೊತ್ತು ಸರಿಮಾಡಿದ. ತಪ್ಪಾಯ್ತು ಎನ್ನಲಿಲ್ಲ. ಸುಳ್ಳು ಎಂದೂ ಅನ್ನಲಿಲ್ಲ. ಮುಂದಿನ ಸಲ ಬರಲೇ ಇಲ್ಲ. ಇಷ್ಟೇ ಇವನ ಹಣೆಬರಹ ಎಂದು ನಾನು ತೀರ್ಮಾನಿಸಿ ಆರಾಮಾಗಿದ್ದೆ. ಅದರ ಮುಂದಿನ ಸಲ ಬರಿಗೈಯಲ್ಲಿ ಬಂದು, ಫೋನು ಆಫ್ ಮಾಡಿ ನನ್ನ ಕೈಗೆ ಕೊಟ್ಟು ಒಳಗೆ ಹೋದ. ನನ್ನ ತೀರ್ಮಾನ ಸುಳ್ಳಾಯಿತಲ್ಲ ಎಂದು ನನಗೆ ಸ್ವಲ್ಪ ನಿರಾಸೆಯೇ ಆಯಿತು ಎಂದು ಕಾಣುತ್ತದೆ. ಅವನು ಪೂರ್ತಿ ಬದಲಾದ ಎಂದು ನಾನು ಹೇಳಲಾರೆ. ಅವನ ಬಳಿ ವಾಪಸ್ಸು ಹೋಗು ಎಂದು ಹುಡುಗಿಯ ಅಮ್ಮನಿಗೆ ಎಷ್ಟೋ ಜನ ಹೇಳಿದರು. ಆಕೆ ಹೋಗಲಿಲ್ಲ. ಮಗಳು ಮಾತ್ರ ಈಗಲೂ ಶನಿವಾರ ಅವನನ್ನು ನೋಡುತ್ತಾಳೆ, ನೋಡಿ ಬಂದು ಹೊಟ್ಟೆ ತುಂಬ ಊಟ ಮಾಡುತ್ತಾಳೆ.

ಅಮ್ಮ ಈಗ ನ್ಯಾಮತಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮೊನ್ನೆ ಆ ಕಡೆ ಹೋದ ನನ್ನನ್ನು ಬಿಡದೆ ನಿಲ್ಲಿಸಿ ಅಳತೆ ತಗೊಂಡು ರವಿಕೆ ಹೊಲಿದು ಕಳಿಸಿದಳು. ಬಣ್ಣ ಚೆನ್ನಾಗಿದೆ, ಹೊಲಿಗೆಯೂ ಅಚ್ಚುಕಟ್ಟು. ತೋಳು ಕೊಂಚ ಬಿಗಿ. ಹಾಕಿಕೊಂಡೇ ಕೋರ್ಟಿಗೆ ಹೋಗುತ್ತಿದ್ದೇನೆ, ವಾದ ಮಾಡುವಾಗ ಕೈ ಎತ್ತುವುದನ್ನು ಕಡಿಮೆ ಮಾಡಿದ್ದೇನೆ.