‘ಅಂತೆ’ ಅನ್ನುವವರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಹೇಳಲಿ. ಶ್ರೀರಂಗಪಟ್ಟಣದ ನನ್ನ ಅಂಗಡಿಯಲ್ಲಿ ಒಂದು ದಿನ ಕೂತು ನೋಡಿದರೆ ಅವರ ಮೂಗಿಗೂ ಅದು ಬಂದೀತು. ಕಣ್ಣು ಕಾಣದವರಿಗೆ, ಅರೆಬರೆ ಕಾಣುವವರಿಗೆ ಬೇಕಾದ ಸಾಮಾನು ನಾನು ಮಾರುವುದು. ಮಡಚುವ ಬಿಳಿ ಕೋಲು, ಸಮಯ ಹೇಳುವ ಕೈಗಡಿಯಾರ, ಅಕ್ಷರ ದೊಡ್ಡದಾಗಿ ತೋರಿಸುವ ಗಾಜು, ಲೋಟ ತುಂಬಿದೊಡನೆ ಕುಯ್ಯನ್ನುವ ಪುಟ್ಟ ಯಂತ್ರ, ಹೀಗೆ. ಫೋನು ಮಾತಾಡುವ ಹಾಗೆ ಮಾಡಿ, ಬಳಸುವುದನ್ನೂ ಕಲಿಸಿಕೊಡುತ್ತೇನೆ. ನನಗೂ ಬಲಗಣ್ಣು ಇಲ್ಲ. ಎಡಗಣ್ಣಿಗೆ ಬೆಳಕು, ನೆರಳು, ಮನುಷ್ಯರ ಆಕಾರ ಇಷ್ಟೇ ಗೊತ್ತಾಗುವುದು.

ಅಂಗಡಿಗೆ ಜನ ಇಬ್ಬಿಬ್ಬರಾಗಿ ಬರುತ್ತಾರೆ. ಕಾಣದವರೊಬ್ಬರು, ಕರೆತಂದವರೊಬ್ಬರು. “ಏನು ಬೇಕಿತ್ತು?” ಎಂದು ನಾನು ಕಾಣದವರನ್ನು ಕೇಳಿದರೆ ಉತ್ತರ ಬರುವುದು ಕರೆತಂದವರ ಬಾಯಿಂದ. “ಇವ್ರಿಗೆ ಒಂದು ಕೋಲು ಬೇಕಂತೆ.” ಬೇಕಂತೆ! ಆ ‘ಅಂತೆ’ ಕಿವಿಗೆ ಬಿದ್ದರೆ ನನ್ನ ಮೈಯೆಲ್ಲ ಉರಿಯುತ್ತದೆ. ದೂರದ ಊರಲ್ಲಿ ಮಳೆಯಾಯಿತಂತೆ ಅನ್ನಬಹುದು. ಪಕ್ಕದಲ್ಲೇ ಮೊಣಕೈ ತಾಗಿಸಿಕೊಂಡು ಕೂತವರಿಗೆ ಏನು ಬೇಕು ಅನ್ನುವುದೂ ಊರ ಸುದ್ದಿಯೇ?

ಹೋದ ವರ್ಷ ಪಾಂಡವಪುರದ ಹತ್ತಿರದ ಹಳ್ಳಿಯೊಂದರಿಂದ ಗಂಡ ಹೆಂಡತಿ ಬಂದರು. ಕಬ್ಬು ಬೆಳೆದು, ಡೇರಿಗೆ ಹಾಲು ಹಾಕುವ ಅನುಕೂಲಸ್ಥ ಮನೆ. ಮದುವೆಯಾಗಿ ಕೆಲವು ವರ್ಷಕ್ಕೆ ಆಕೆಯ ಕಣ್ಣಿನ ನರ ಒಣಗಿ ದೃಷ್ಟಿ ಪೂರ್ತಿ ಹೋಗಿತ್ತು. “ಇವ್ಳಿಗೆ ಟೈಮ್ ಏಳೋ ವಾಚು ಬೇಕಂತೆ,” ಎಂದ ಗಂಡ. ಎದುರಿನ ಅಂಗಡಿಯಿಂದ ಮೂರು ಟೀ ತರುತ್ತೀರಾ ಎಂದು ಅವನನ್ನು ಸಾಗಹಾಕಿದೆ. ಈ ಉಪಾಯ ನನಗೆ ರೂಢಿಯಾಗಿಬಿಟ್ಟಿದೆ.

ಅವನ ಚಪ್ಪಲಿ ಸದ್ದು ಮೆಟ್ಟಿಲಿಳಿದದ್ದೇ ತಡ, ಆಕೆ ಬಗ್ಗಿ ಹೇಳಿದಳು: “ವಾಚು ಬ್ಯಾಡ ಕಣಕ್ಕಾ. ನಾನೇ ಫೋನ್ ಮಾಡದ ಕಲಿಬೇಕು. ನಮ್ಮವ್ವನ ಜೊತೆ ಒಬ್ಳೇ ಮಾತಾಡ್ಬೇಕು.”

ತಾಯಿ ನಾಗಮಂಗಲದ ಕಡೆ. ಈಗ ಯಾರು ಫೋನ್ ಮಾಡಿಕೊಡುತ್ತಾರೆ ಎಂದು ಕೇಳಿದೆ.

“ಅವ್ರೇ ನಂಬರ್ ಒತ್ತಿ, ಸ್ಪೀಕರ್ ಆಕಿ ಮಡುಗ್ತಾರೆ. ನಮ್ಮತ್ತೆ ಪಕ್ಕದಲ್ಲೇ ಕುಂತಿರ್ತಾರೆ. ಅವ್ವ ‘ಎಂಗಿದೀಯವ್ವಾ’ ಅಂತದೆ. ನಾನು ‘ಚೆನ್ನಾಗಿವ್ನಿ ಕಣವ್ವಾ’ ಅಂತೀನಿ. ಅಷ್ಟೇಯಾ.”

ಟೀ ಬಂತು. ವಾಚು ಆಮೇಲೆ ನೋಡೋಣ, ಮೊದಲು ಫೋನು ಕೊಡಿ ಎಂದೆ. ಗಂಡ ತನ್ನ ಹಳೇ ಫೋನನ್ನು ಹೆಂಡತಿಯದೆಂದು ಬಿಟ್ಟಿದ್ದ. ಹೆಸರಿಗಷ್ಟೇ ಅದು ಅವಳದು. ಅದನ್ನು ಮಾತಾಡುವ ಹಾಗೆ ಮಾಡಿ, ಅವನು ಪೇಟೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಕಲಿಸಲು ಕೂತೆ. ಬೆರಳು ಸವರಿದರೆ ಬೆರಳಡಿ ಏನಿದೆಯೋ ಅದನ್ನು ಫೋನು ಓದಿ ಹೇಳುತ್ತದೆ. ಬೇಕಾದದ್ದು ಸಿಕ್ಕಾಗ ಎರಡು ಸಲ ತಟ್ಟಿದರೆ ಆಯಿತು. ಆಕೆ ಬೇಗ ಹಿಡಿದುಕೊಂಡಳು. ಆದರೆ ಹೆಸರುಗಳ ಮೇಲೆ ಬೆರಳಾಡಿಸುತ್ತ ಕೊನೆ ಮುಟ್ಟಿದವಳು ಮತ್ತೆ ಮೇಲಕ್ಕೆ ಹೋದಳು, ಮತ್ತೆ ಕೆಳಗೆ ಬಂದಳು.

“ಅವ್ವ ಇಲ್ವಲ್ಲಕ್ಕಾ.”

ಹೇಗಿರುತ್ತಾಳೆ? ಫೋನಿನಲ್ಲಿದ್ದದ್ದು ‘ಅತ್ತೆ ನಾಗಮಂಗಲ’. ಗಂಡನಿಗೆ ಅತ್ತೆ ತಾನೇ! ತನ್ನದೇ ಫೋನಿನಲ್ಲಿ ಹೆತ್ತ ತಾಯಿ ಗಂಡನ ಅತ್ತೆಯಾಗಿ ಕೂತಿದ್ದಳು. ಮೊದಲು ನಗು ಬಂತು, ಹಿಂದೆಯೇ ಆ ಫೋನನ್ನು ಬೀದಿಗೆ ಎಸೆಯಬೇಕು ಅನ್ನಿಸಿತು. ಹೆಸರು ತಿದ್ದಿದೆ. ‘ಅವ್ವ’ ಎಂದಿತು ಫೋನು. ಆಕೆ ಮತ್ತೆ ಸವರಿದಳು. ‘ಅವ್ವ.’ ಮತ್ತೆ ಸವರಿದಳು. ಈಗ ಅವ್ವ ಹೊಲದಲ್ಲಿರುತ್ತಾಳೆ, ಸಂಜೆ ಮನೆಯಿಂದ ಮಾಡುತ್ತೇನೆ ಎಂದು, ನಾನು ಕೊಟ್ಟ ಇಯರ್‌ಫೋನನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಹೋದಳು.

ಒಂದು ವಾರ ಬಿಟ್ಟು, ಹೇಗಾಯಿತೋ ಎಂದು ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಗಂಡ.

“ಅದಾ ಮೇಡಂ? ಫೋನ್ ಕೆಟ್ಟೋಗಿತ್ತು. ಎಲ್ ಮುಟ್ಟುದ್ರೂ ಬಡಬಡ ಅಂತ ಒದರ್ತಿತ್ತು, ಕಾಲ್ ಎತ್ತಕ್ಕೂ ಆಗ್ತಿರ್ಲಿಲ್ಲ. ಬಸ್‌ಸ್ಟ್ಯಾಂಡ್ ತಾವ ಮೊಬೈಲ್ ಅಂಗ್ಡೀಲಿ ಕೊಟ್ಟು ರಿಪೇರಿ ಮಾಡಿಸ್ದೆ. ಈಗ ಸುಮ್ಕದೆ.”

ಸುಮ್ಕದೆ! ಮಾತಾಡುವುದು ರೋಗ ಎಂದುಕೊಂಡು ಫೋನಿಗೆ ಚಿಕಿತ್ಸೆ ಕೊಡಿಸಿದ್ದರು. ನಿಮ್ಮ ಹೆಂಡತಿಗೆ ಕೊಡಿ ಎಂದೆ. “ಅವ್ಳು ಚೆನ್ನಾಗವ್ಳೆ ಬುಡಿ ಮೇಡಂ,” ಎಂದು ಫೋನಿಟ್ಟ.

ಆ ರಾತ್ರಿ ಅನ್ನ ಸೇರಲಿಲ್ಲ. ಯಾರ ಮೇಲೆ ಕೂಗಾಡಲಿ? ಅವನು ಕುಡಿಯುವವನಲ್ಲ, ಹೊಡೆಯುವವನಲ್ಲ. ಹೆಂಡತಿಯ ಕೈ ಹಿಡಿದು ಆಸ್ಪತ್ರೆ ಆಸ್ಪತ್ರೆ ಅಲೆದವನು. ಊರಿನವರ ಬಾಯಲ್ಲಿ ದೇವರಂಥ ಗಂಡ. ನನ್ನ ಹೊಟ್ಟೆ ಉರಿಸುವುದು ಅದೇ. ಕೆಟ್ಟವನಾಗಿದ್ದರೆ ಯಾರಾದರೂ ಅವಳಿಗೆ ಅಯ್ಯೋ ಅನ್ನುತ್ತಿದ್ದರು. ಒಳ್ಳೆಯವರು ಬಾಯಿ ಮುಚ್ಚಿಸಿದರೆ ಅವಳು ದೂರು ಹೇಳುವುದಾದರೂ ಯಾರಿಗೆ, ಹೇಗೆ?

ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಪಾಂಡವಪುರದ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ‘ಕಣ್ ಕಾಣದ ಸೊಸೆ ಮನೆ’ ಎಂದರೆ ಊರಿಗೆಲ್ಲ ಗೊತ್ತಿತ್ತು, ಅದಕ್ಕೂ ಸಿಟ್ಟು ಬಂತು. ಬಾಗಿಲಲ್ಲಿ ಅತ್ತೆ ನನ್ನ ಕೋಲು ನೋಡಿರಬೇಕು, ಒಳಗಿದ್ದ ಮಗನಿಗೆ ಕೂಗಿ ಹೇಳಿದಳು: “ಇವ್ರು ಕಾಪಿ ಕುಡೀತಾರಂತಾ ಕೇಳ್ಲಾ.”

“ಕುಡೀತೀನಿ, ಸಕ್ಕರೆ ಕಮ್ಮಿ. ಕೇಳೋದಾದ್ರೆ ನನ್ನನ್ನೇ ಕೇಳಿ,” ಎಂದೆ.

ಒಳಗೆ ಕೂತು ಬಂದ ವಿಷಯ ಹೇಳಿದೆ. ಸೊಸೆ ಗೋಡೆಗೊರಗಿ ನಿಂತಿದ್ದಳು. ಅತ್ತೆಗೆ ನನ್ನ ಮಾತು ಹಿಡಿಸಲಿಲ್ಲ. “ಮನೇಲಿ ಮಾತಾಡಕ್ಕೆ ನಾವಿಲ್ವಾ? ಮಿಷನ್ ಯಾಕೆ ಮಾತಾಡ್ಬೇಕು? ನಿಮ್ಮನ್ನೇ ಕೇಳ್ತೀನಿ ಏಳಿ, ಅವ್ಳಿಗೆ ಏನ್ ಕಮ್ಮಿ ಮಾಡಿದೀವಿ ನಾವು?”

“ಏನೂ ಕಮ್ಮಿ ಮಾಡಿಲ್ಲ,” ಎಂದೆ. “ಹೊತ್ತೊತ್ತಿಗೆ ಊಟ ಹಾಕ್ತೀರಿ. ಕೊಟ್ಟಿಗೇಲಿರೋ ಹಸೂಗೂ ಹೊತ್ತೊತ್ತಿಗೆ ಮೇವು ಹಾಕ್ತೀರಿ. ಅದಕ್ಕೆ ಅವ್ವನ ಜೊತೆ ಮಾತಾಡೋದು ಇರಲ್ಲ, ಅಷ್ಟೇ ವ್ಯತ್ಯಾಸ.”

ಜಾಸ್ತಿಯಾಯಿತೇನೋ. ಆಗಲಿ. ಗಂಡ ಫೋನು ತಂದು ನನ್ನ ಕೈಗಿಟ್ಟ. ಅದರ ಪಕ್ಕೆಯಲ್ಲಿ ಸದ್ದು ಏರಿಸುವ ಗುಂಡಿ ಒಂದು, ಇಳಿಸುವ ಗುಂಡಿ ಒಂದು. ಸೊಸೆಯನ್ನು ಹತ್ತಿರ ಕರೆದು ಅವಳ ಬೆರಳುಗಳನ್ನು ಅವುಗಳ ಮೇಲೆ ಇಟ್ಟೆ.

“ಎರಡನ್ನೂ ಒಟ್ಟಿಗೆ ಒತ್ತಿ ಹಿಡ್ಕೋ. ಯಾರು ನಿಲ್ಲಿಸಿದ್ರೂ, ಎಷ್ಟು ಸಲ ನಿಲ್ಲಿಸಿದ್ರೂ, ಹಿಂಗೇ ಒತ್ತು.”

ಒತ್ತಿದಳು. ಫೋನು ಬಾಯಿ ಬಿಟ್ಟಿತು. ಆಕೆ ಸೆರಗಿನ ಗಂಟು ಬಿಚ್ಚಿ ಇಯರ್‌ಫೋನು ತೆಗೆದಳು, ಗೋಡೆ ಸವರಿಕೊಂಡು ಹಿತ್ತಲಿಗೆ ನಡೆದಳು. ಅತ್ತೆ ಹಿಂದೆಯೇ ಎದ್ದಳು. ನಾನು ಮೊದಲು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತು ಕೋಲನ್ನು ಅಡ್ಡ ಹಿಡಿದೆ.

ಆಕೆ ಕೊಟ್ಟಿಗೆಯ ಕಂಬದ ಹತ್ತಿರ ನಿಂತಿದ್ದಳು. ಅವಳ ಮಾತು ಮಾತ್ರ ನನಗೆ ಕೇಳುತ್ತಿತ್ತು.

“ಅವ್ವಾ, ನಾನು ಕಣವ್ವಾ… ಊಂ, ನಾನೇ ಮಾಡಿದ್ದು… ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ.”

ಆ ಕಡೆಯಿಂದ ತಾಯಿ ಎಂದಿನ ಪ್ರಶ್ನೆ ಕೇಳಿರಬೇಕು.

“ಚೆನ್ನಾಗಿಲ್ಲ ಕಣವ್ವಾ,” ಎಂದಳು.

ನನ್ನ ಬೆನ್ನ ಹಿಂದೆ ಅತ್ತೆಯ ಬಳೆ ಸದ್ದಾಯಿತು. “ಏನಂತೆ?” ಎಂದು ನನ್ನನ್ನು ಕೇಳಿದಳು.

“ಮಾತು ಮುಗಿಲಿ. ಅವಳನ್ನೇ ಕೇಳಿ,” ಎಂದೆ. ಕೋಲು ತೆಗೆಯಲಿಲ್ಲ.