ಐದನೆಯ ಚಮಚ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರೆ. ನಮ್ಮತ್ತೆ ಕ್ರಿಸ್‌ಮಸ್‌ನ ಕೂಸಿಗೆ ಆಗಸ್ಟ್‌ನಲ್ಲೇ ಕುಲಾವಿ, ಸ್ವೆಟರು, ಎರಡು ಜೊತೆ ಕಾಲುಚೀಲ ಎಲ್ಲ ರೆಡಿ ಮಾಡಿ ಇಡುವ ಪೈಕಿ. ಬೇರೆಯವರು ಡಿಸೆಂಬರ್ ಇಪ್ಪತ್ತಕ್ಕೆ ಅಟ್ಟದ ಮೇಲೆ ನಕ್ಷತ್ರ ಹುಡುಕುತ್ತಾರೆ. ನಮ್ಮ ಮನೆಯಲ್ಲಿ ಆಗಸ್ಟ್ ಕೊನೆಯ ವಾರಕ್ಕೆ ಅಡುಗೆಮನೆಯ ಗೋಡೆಯ ಮೇಲೆ ‘ಇನ್ನು ನೂರಿಪ್ಪತ್ತು ದಿನ’ ಎಂದು ಕೆಂಪು ಅಕ್ಷರದಲ್ಲಿ ಬರೆದ ಹಾಳೆ ಬಂದುಬಿಡುತ್ತದೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ಅದನ್ನು ನೋಡಿ ಯಾರಿಗೋ ಹೆರಿಗೆ ಇದೆ ಎಂದುಕೊಂಡಿದ್ದೆ.

ಅತ್ತೆ ಮೂವತ್ತನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಬೀದಿಯವರೆಲ್ಲ ಅವರನ್ನು ಕರೆಯುವುದು ಸಿಸ್ಟರ್ ಎಂದೇ. ತೀರಿಕೊಂಡ ಮಾವ ಕೂಡ ಜನರೆದುರು ಹಾಗೇ ಕರೆಯುತ್ತಿದ್ದರಂತೆ. ಕಟ್ಟಿಕೊಂಡ ಹೆಂಡತಿಯನ್ನು ಸಿಸ್ಟರ್ ಅನ್ನಬಾರದು ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಥಿಯೇಟರಿನಲ್ಲಿ ಒಂದು ಕಾನೂನು. ಹೊಟ್ಟೆ ಕುಯ್ಯುವ ಮುಂಚೆ ಕತ್ತರಿ, ಚಿಮಟ, ಸೂಜಿ, ರಕ್ತ ಒರೆಸುವ ಬಟ್ಟೆ ಎಲ್ಲವನ್ನೂ ಎಣಿಸಬೇಕು. ಹೊಲಿಯುವ ಮುಂಚೆ ಮತ್ತೆ ಎಣಿಸಬೇಕು. ಎರಡು ಎಣಿಕೆಯೂ ಒಂದೇ ಆಗದಿದ್ದರೆ ಹೊಲಿಯುವ ಹಾಗಿಲ್ಲ. ಒಮ್ಮೆ ಒಬ್ಬ ದೊಡ್ಡ ಡಾಕ್ಟರು ಎಲ್ಲಿಗೋ ಊಟಕ್ಕೆ ಹೊರಡುವ ಆತುರದಲ್ಲಿದ್ದರು. ಬಟ್ಟೆ ಇಪ್ಪತ್ತು ಇರಬೇಕಾದದ್ದು ಹತ್ತೊಂಬತ್ತೇ ಇತ್ತು. ಡಾಕ್ಟರು, “ನಿನಗೆ ಎಣಿಸೋಕೆ ಬರಲ್ಲ, ದಾರ ಕೊಡು” ಎಂದು ಗದರಿದರು. ಅತ್ತೆ ದಾರವನ್ನು ಬೆನ್ನ ಹಿಂದೆ ಇಟ್ಟುಕೊಂಡು, “ಕೊಡಲ್ಲ” ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ನಲವತ್ತು ನಿಮಿಷ ಹುಡುಕಾಟ. ಇಪ್ಪತ್ತನೆಯ ಬಟ್ಟೆ ಸಿಕ್ಕಿದ್ದು ಆ ಡಾಕ್ಟರ ಚಪ್ಪಲಿಯ ಅಡಿಯಲ್ಲಿ. ಈ ಕಥೆಯನ್ನು ನಾನು ಹನ್ನೊಂದು ವರ್ಷದಲ್ಲಿ ನಲವತ್ತು ಸಲವಾದರೂ ಕೇಳಿದ್ದೇನೆ. ಒಂದು ಸಲವೂ ಆ ರೋಗಿ ಬದುಕಿದನೋ ಸತ್ತನೋ ಎಂದು ಅತ್ತೆ ಹೇಳಲಿಲ್ಲ. ಎಣಿಕೆ ಸರಿಹೋಯಿತು, ಅವರಿಗೆ ಅಷ್ಟು ಸಾಕು.

ಆ ಕಾನೂನು ನಿವೃತ್ತಿಯ ದಿನ ಅತ್ತೆಯ ಜೊತೆ ಮನೆಗೆ ಬಂತು. ಸೆಪ್ಟೆಂಬರಿನಲ್ಲಿ ಕೇಕಿಗೆ ದ್ರಾಕ್ಷಿ ನೆನೆಹಾಕಿದ ಜಾಡಿಯ ಮೇಲೆ ತಾರೀಖು, ಗಂಟೆ, ಹಾಕಿದವರ ರುಜು. ಅಕ್ಟೋಬರಿನಲ್ಲಿ ಪರದೆ ಒಗೆಯಲು ಇಳಿಸಿದರೆ ಕೊಕ್ಕೆಗಳ ಲೆಕ್ಕ. ಬಣ್ಣದ ದೀಪದ ಸರಕ್ಕೆ ಪ್ರತಿ ತಿಂಗಳು ಒಂದನೇ ತಾರೀಖು ತಪಾಸಣೆ. ಅದರಲ್ಲಿ ಒಂದು ಬಲ್ಬು ಮಿಣುಕಿದರೆ ಅದರ ಆರೋಗ್ಯದ ಬಗ್ಗೆ ನನಗೂ ನನ್ನ ಗಂಡನಿಗೂ ಊಟದ ಹೊತ್ತಿನಲ್ಲಿ ವರದಿ. ಧೂಳು ಒರೆಸುವುದು ಮೇಲಿಂದ ಕೆಳಕ್ಕೆ, ಒಳಗಿಂದ ಹೊರಕ್ಕೆ. ಉಲ್ಟಾ ಒರೆಸಿದರೆ ಅತ್ತೆಯ ಪ್ರಕಾರ ಸೋಂಕು ಹರಡುತ್ತದೆ. ನಮ್ಮ ಮನೆಯ ಸೋಫಾಕ್ಕೆ ಇದುವರೆಗೆ ಯಾವ ಸೋಂಕೂ ತಗುಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ನಾನು ಬೆಳಿಗ್ಗೆ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಟೋಕನ್ ಕೊಡುವ ಕೆಲಸ ಮಾಡುತ್ತೇನೆ. ಅಲ್ಲಿ ಜನರ ನರಳಾಟ ಮುಗಿಸಿ ಮನೆಗೆ ಬಂದರೆ ಇಲ್ಲಿ ಅತ್ತೆಯ ಅಸಿಸ್ಟೆಂಟ್ ಹುದ್ದೆ. ಸಂಬಳವಿಲ್ಲ, ರಜೆಯಿಲ್ಲ, ವರ್ಗಾವಣೆಯಂತೂ ಇಲ್ಲವೇ ಇಲ್ಲ.

ಹೋದ ವರ್ಷದ ಕ್ರಿಸ್‌ಮಸ್ ಬೆಳಿಗ್ಗೆ ಎಲ್ಲ ಕೆಟ್ಟಿತು. ಎಲ್ಲರೂ ಚರ್ಚಿಗೆ ಹೋಗಿ ಬಂದು ಬಾಗಿಲು ತೆಗೆದರೆ ಮನೆ ತುಂಬ ಗ್ಯಾಸ್ ವಾಸನೆ. ಕೊನೆಯಲ್ಲಿ ಅಡುಗೆಮನೆಯಿಂದ ಹೊರಟವರು ಅತ್ತೆ. ಬರ್ನರ್ ತಿರುಗಿಸಿದ್ದರು, ಹಚ್ಚಿರಲಿಲ್ಲ. ಏನೂ ಅನಾಹುತ ಆಗಲಿಲ್ಲ. ಆದರೆ ನಮ್ಮ ಭಾವ, ಅಂದರೆ ಅತ್ತೆಯ ದೊಡ್ಡ ಮಗ, ಆಫೀಸುಗಳಿಗೆ ಬೆಂಕಿ ಆರಿಸುವ ಸಿಲಿಂಡರ್ ಮಾರುವವರು. ಸ್ವಂತ ತಾಯಿಯೇ ಹೀಗೆ ಮಾಡಿದ್ದು ಅವರಿಗೆ ವೃತ್ತಿಗೆ ಬಳಿದ ಮಸಿಯಾಯಿತು. ಕಿಟಕಿಗಳನ್ನೆಲ್ಲ ತೆರೆದು, ಕೋಟು ಬಿಚ್ಚದೆಯೇ ತೀರ್ಪು ಕೊಟ್ಟರು.

“ಅಮ್ಮಾ, ಇನ್ಮೇಲೆ ಕ್ರಿಸ್‌ಮಸ್ ನಮ್ಮ ಫ್ಲ್ಯಾಟಲ್ಲಿ. ಊಟ ಹೊರಗಿಂದ ತರಿಸ್ತೀನಿ. ನೀನು ಬಂದು ಸುಮ್ನೆ ಕೂತ್ಕೋ.”

ಅತ್ತೆ ಬರ್ನರಿನ ತಿರುಪನ್ನು ಎರಡು ಸಲ ಮುಟ್ಟಿ ನೋಡಿದರು. ಆಮೇಲೆ, “ಇನ್ನೊಂದೇ ವರ್ಷ ಕೊಡಪ್ಪ. ಒಂದೇ ಒಂದು ತಪ್ಪಾದ್ರೂ ಆಮೇಲೆ ನೀನು ಹೇಳಿದ ಕುರ್ಚಿ ಮೇಲೆ ಕೂತ್ಕೋತೀನಿ” ಅಂದರು. ಮೂವತ್ತನಾಲ್ಕು ವರ್ಷ ಡಾಕ್ಟರುಗಳನ್ನು ನಡುಗಿಸಿದ ಹೆಂಗಸು ಮಗನ ಹತ್ತಿರ ಹಾಗೆ ಕೇಳಿಕೊಂಡದ್ದು ನನಗೆ ಸಂಕಟವಾಯಿತು. ಸಂಕಟದ ಜೊತೆ ಇನ್ನೊಂದೂ ಆಯಿತು, ಮುಚ್ಚಿಡುವುದೇಕೆ. ಫ್ಲ್ಯಾಟು, ಹೊರಗಿನ ಊಟ, ಕೊಕ್ಕೆ ಎಣಿಸದ ಅಕ್ಟೋಬರ್ ಎಂದು ಯೋಚಿಸಿ ನನಗೆ ಬಾಯಲ್ಲಿ ನೀರೂರಿತು.

ಹಾಗಾಗಿ ಈ ವರ್ಷ ನೂರಿಪ್ಪತ್ತು ದಿನವೂ ಪರೀಕ್ಷೆಯ ಕಾಲ. ಅತ್ತೆ ಮೇಜುಬಟ್ಟೆ ಹಾಸುವುದಕ್ಕೂ ರಿಹರ್ಸಲ್ ಮಾಡಿಸಿದರು. ಯಾರು ಎಲ್ಲಿ ಕೂರಬೇಕು ಎಂದು ನಕ್ಷೆ ಬರೆದರು. ಇರುವವರೇ ಐದು ಜನ, ನಕ್ಷೆ ಮಾತ್ರ ಮೂರು.

ಕ್ರಿಸ್‌ಮಸ್‌ಗೆ ನಾಲ್ಕು ದಿನ ಇದ್ದಾಗ ಕೇಕ್ ಬೇಯಿಸುವ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ಅತ್ತೆ, ಕೆಲಸಕ್ಕೆ ರಜೆ ಹಾಕಿದ ನಾನು ಇಬ್ಬರೂ ಏಪ್ರನ್ ಕಟ್ಟಿಕೊಂಡು ಟ್ರೇ ಮುಂದೆ ನಿಂತೆವು. ಅಳತೆಯ ಚಮಚ ಐದು, ಬಟ್ಟಲು ನಾಲ್ಕು, ಚಾಕು ಎರಡು, ಮರದ ಸೌಟು ಒಂದು. ಅತ್ತೆ ಹೇಳಿದರು, ನಾನು ಚೀಟಿಯ ಮೇಲೆ ಬರೆದುಕೊಂಡೆ. ಮಸಾಲೆ ಪುಡಿ, ಬೇಕಿಂಗ್ ಪೌಡರು ಅಳೆದು ಹಾಕಿದರು. ದೊಡ್ಡ ಪಾತ್ರೆಯ ತುಂಬ ಹಿಟ್ಟು ಕಲಸಿ ತಗಡಿನ ಅಚ್ಚಿಗೆ ಸುರಿದರು. ಇನ್ನು ಎಣಿಸಿ ಓವನ್ನಿನ ಬಾಗಿಲು ಹಾಕಬೇಕು, ಅಷ್ಟರಲ್ಲಿ ಕರೆಗಂಟೆ. ಮಧ್ಯಾಹ್ನ ಬರುತ್ತೇವೆ ಎಂದಿದ್ದ ಭಾವ ಮತ್ತು ಅವರ ಹೆಂಡತಿ ಹತ್ತೂವರೆಗೇ ಬಂದು ನಿಂತಿದ್ದರು. ತಪಾಸಣೆಗೆ ಬರುವವರು ಹೇಳಿದ ಹೊತ್ತಿಗೆ ಬರುವುದುಂಟೇ.

ಅತ್ತೆ ಗಾಬರಿಯಾದರು. ಕೇಕನ್ನು ಓವನ್ನಿಗೆ ತಳ್ಳಿ ಬಾಗಿಲು ಹಾಕಿಯೇಬಿಟ್ಟರು. ನಾನು ಏಪ್ರನ್ ಕಿತ್ತು ಬಾಗಿಲ ಹಿಂದಿನ ಮೊಳೆಗೆ ಎಸೆದು ಒಳ್ಳೆ ಬಟ್ಟೆ ಹಾಕಿಕೊಳ್ಳಲು ಓಡಿದೆ. ಓರಗಿತ್ತಿಯ ಮುಂದೆ ಹಿಟ್ಟು ಮೆತ್ತಿಕೊಂಡು ನಿಲ್ಲಲು ನನ್ನಿಂದಾಗದು.

ವಾಪಸು ಬಂದಾಗ ಅತ್ತೆ ಟ್ರೇ ಮುಂದೆ ಬೆರಳು ಮಡಿಸುತ್ತ ನಿಂತಿದ್ದರು. ಮತ್ತೆ ಎಣಿಸಿದರು. ಬಟ್ಟಲು ನಾಲ್ಕು, ಚಾಕು ಎರಡು, ಸೌಟು ಒಂದು. ಚಮಚ ನಾಲ್ಕು.

“ಐದನೇದು ಒಳಗಿದೆ” ಎಂದು ಓವನ್ನಿನ ಕಡೆ ನೋಡಿದರು. ಮುಖದಲ್ಲಿ ರಕ್ತವಿರಲಿಲ್ಲ.

ಆಮೇಲಿನ ಮೂರು ಗಂಟೆ ಮನೆಯೆಲ್ಲ ತಲೆಕೆಳಗು. ಅರ್ಧ ಬೆಂದ ಕೇಕನ್ನು ತೆಗೆದರೆ ಕುಸಿಯುತ್ತದೆ ಎಂದು ಕಾಯುತ್ತ, ಸಿಂಕಿನಲ್ಲಿ, ಕಸದ ಬುಟ್ಟಿಯಲ್ಲಿ, ಫ್ರಿಜ್ಜಿನ ಕೆಳಗೆ ಎಲ್ಲ ಹುಡುಕಿದೆವು. ಭಾವ ಹುಡುಕಲಿಲ್ಲ, ವೀಕ್ಷಕ ವಿವರಣೆ ಕೊಟ್ಟರು. “ಇವತ್ತು ಚಮಚ. ನಾಳೆ ಇನ್ನೇನೋ? ವಯಸ್ಸಾಯ್ತು, ಒಪ್ಕೋಬೇಕಪ್ಪ.” ನನ್ನ ಗಂಡ ಎರಡು ದಿನದಿಂದ ಕೆಮ್ಮುತ್ತ ಹಾಸಿಗೆ ಹಿಡಿದಿದ್ದವರು ಎದ್ದು ಬಂದು, “ಬಿಡಮ್ಮ, ಯಾರ ತುಂಡಲ್ಲಿ ಸಿಗುತ್ತೋ ಅವರಿಗೆ ಅದೃಷ್ಟ” ಅಂದರು. “ಅವರಿಗೆ ಹಲ್ಲು ಹೋಗುತ್ತೆ, ನಮ್ ಡಾಕ್ಟ್ರಿಗೆ ಅದೃಷ್ಟ” ಎಂದು ನಾನು ಅಂದೆ. ಯಾರೂ ನಗಲಿಲ್ಲ.

ಕೇಕ್ ಹೊರಗೆ ಬಂತು. ಅಂಥ ಕೇಕ್ ಆ ಓವನ್ನಿನಿಂದ ಹಿಂದೆಂದೂ ಬಂದಿರಲಿಲ್ಲ. ನೆತ್ತಿ ಒಡೆದಿರಲಿಲ್ಲ, ಅಂಚು ಸುಟ್ಟಿರಲಿಲ್ಲ. ಓರಗಿತ್ತಿ ಕಡ್ಡಿಯಿಂದ ಚುಚ್ಚಿ ನೋಡೋಣ ಅಂದಳು. ಅತ್ತೆ ಬೇಡವೆಂದು ತಲೆಯಾಡಿಸಿದರು. “ಚುಚ್ಚಿ ಸಿಗ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲಮ್ಮ.” ಚಾಕು ತೆಗೆದುಕೊಂಡು, ಆರುವವರೆಗೂ ಕಾಯದೆ, ನಟ್ಟನಡುವೆ ಕುಯ್ದರು. ಮತ್ತೆ ಅಡ್ಡ. ಮತ್ತೆ ಅದರ ಅರ್ಧ. ಸೆಪ್ಟೆಂಬರಿನಿಂದ ನೆನೆದ ದ್ರಾಕ್ಷಿಯನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿದರು. ಕಾಲು ಗಂಟೆಯಲ್ಲಿ ಮೇಜಿನ ಮೇಲೆ ಪುಡಿಯ ಗುಡ್ಡೆ. ಚಮಚವಿಲ್ಲ.

ಅತ್ತೆ ಕೈ ಎತ್ತಿ ಹಾಗೇ ನಿಂತರು. “ನಾನು ಐದು ಎಣಿಸಿದ್ದೆ” ಅಂದರು, ಯಾರಿಗೂ ಅಲ್ಲ.

“ಸಾಕು ಬಾಮ್ಮ” ಅಂದರು ಭಾವ. ಆ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಅದು ಇನ್ನೂ ಕೆಟ್ಟದಾಗಿತ್ತು.

ಪುಡಿ ಬಳಿದು ತುಂಬೋಣ ಎಂದು ನಾನು ಮೊಳೆಯಿಂದ ಏಪ್ರನ್ ತೆಗೆದು ಕಟ್ಟಿಕೊಂಡೆ. ಕೈ ತಾನಾಗಿ ಜೇಬಿಗೆ ಹೋಯಿತು. ಬೆರಳಿಗೆ ತಣ್ಣಗೆ ಏನೋ ತಗುಲಿತು.

ಬೆಳಿಗ್ಗೆ ಒಂಬತ್ತೂವರೆಗೆ ಗಂಡನ ಕೆಮ್ಮು ತಡೆಯಲಾಗದೆ, ಔಷಧಿ ಬಾಟಲಿಯ ಅಳತೆ ಮುಚ್ಚಳ ಎಲ್ಲೋ ಬಿದ್ದುಹೋಗಿ, ಟ್ರೇಯಿಂದ ಒಂದು ಚಮಚ ಎತ್ತಿಕೊಂಡು ಹೋದವಳು ನಾನೇ. ಕುಡಿಸಿ, ಒರೆಸಿ, ಜೇಬಿಗೆ ಹಾಕಿಕೊಂಡವಳೂ ನಾನೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಮೂರು ಗಂಟೆ ಊರೆಲ್ಲ ಹುಡುಕಿದ್ದೆ!

ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ವರ್ಷದಿಂದ ನಾನು ಮಹಾರಾಣಿ. ಬಾಯಿ ಬಿಟ್ಟರೆ ಅತ್ತೆಯ ಕೇಕನ್ನು ಕೊಂದ ಅಪವಾದ ನನ್ನ ತಲೆಗೆ, ಅದೂ ಓರಗಿತ್ತಿಯ ಎದುರಿಗೆ. ಎರಡಕ್ಕೂ ನನಗೆ ಧೈರ್ಯ ಸಾಲಲಿಲ್ಲ. ಭಾವ ಅತ್ತೆಯ ತೋಳು ಹಿಡಿದು ಕುರ್ಚಿಯ ಕಡೆ ನಡೆಸುತ್ತಿದ್ದರು, ರೋಗಿಯನ್ನು ಕರೆದೊಯ್ಯುವ ಹಾಗೆ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಚಮಚವನ್ನು ಅಂಗೈಯಲ್ಲಿ ಮರೆಮಾಡಿ ಪುಡಿಯ ಗುಡ್ಡೆಯೊಳಗೆ ಕೈ ಹಾಕಿ ಕಿರುಚಿದೆ.

“ಅತ್ತೆ! ಸಿಕ್ತು! ತಳದಲ್ಲಿತ್ತು!”

ಎಲ್ಲರೂ ತಿರುಗಿದರು. ಅತ್ತೆ ಬಂದು ಚಮಚ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು. ಮೂಗಿನ ಹತ್ತಿರ ತಂದರು. ಆಮೇಲೆ ನನ್ನನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಏಪ್ರನ್ನಿನ ಜೇಬಿನ ಮೇಲಿತ್ತು.

ಅತ್ತೆ ಪೆನ್ಸಿಲ್ ತೆಗೆದುಕೊಂಡು ಚೀಟಿಯ ಮೇಲೆ ಬರೆದರು. “ಐದು. ಎಣಿಕೆ ಸರಿಯಾಗಿದೆ.” ಕೆಳಗೆ ರುಜು ಹಾಕಿದರು.

ಭಾವ ಚೀಟಿಯನ್ನು ಎತ್ತಿ ಓದಿದರು. “ಅಮ್ಮ ಕುಯ್ಯದೆ ಇದ್ದಿದ್ರೆ ಯಾರ ಗಂಟಲಲ್ಲೋ ಇರ್ತಿತ್ತು” ಅಂದಳು ಓರಗಿತ್ತಿ. ಅವಳ ಬಗ್ಗೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು. ಭಾವ ಕೊನೆಗೆ ಸೋಲೊಪ್ಪಿದರು. “ಸರಿ. ತಪ್ಪಾದ್ರೂ ನೀನೇ ಹಿಡಿದ್ಯಲ್ಲ, ಮುಂದಿನ ವರ್ಷಾನೂ ಇಲ್ಲೇ ಮಾಡು.” ನನ್ನ ಫ್ಲ್ಯಾಟು, ನನ್ನ ಹೊರಗಿನ ಊಟ, ನನ್ನ ಅಕ್ಟೋಬರ್ ಎಲ್ಲ ಒಂದೇ ಮಾತಿಗೆ ನೀರಿನಲ್ಲಿ ಹೋಮವಾದವು.

ಕೇಕಿನ ಪುಡಿಯನ್ನು ಕಸ್ಟರ್ಡಿನ ಜೊತೆ ಗಾಜಿನ ಬಟ್ಟಲಿನಲ್ಲಿ ಪದರಪದರವಾಗಿ ಹಾಕಿ ಕ್ರಿಸ್‌ಮಸ್ ದಿನ ಕೊಟ್ಟೆವು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಹೇಗೆ ಮಾಡುವುದು ಎಂದು ಓರಗಿತ್ತಿ ಕೇಳಿದಳು. “ಮೊದ್ಲು ಒಳ್ಳೆ ಕೇಕ್ ಮಾಡಿ ಅಕ್ಕ, ಆಮೇಲೆ ಒಂದು ಚಮಚ ಕಳ್ಕೊಳ್ಳಿ” ಅಂದೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಚಮಚದ ಸುದ್ದಿಯನ್ನೂ ಎತ್ತಲಿಲ್ಲ. ಆ ನಾಲ್ಕು ದಿನ ನಾನು ಉಂಡದ್ದು ಮೈಗೆ ಹತ್ತಲಿಲ್ಲ.

ಹಬ್ಬದ ಮರುದಿನ ಮಧ್ಯಾಹ್ನ ನಾವಿಬ್ಬರೇ ನಕ್ಷತ್ರ ಇಳಿಸಿ, ಬಲ್ಬಿನ ಸರ ಸುತ್ತಿ, ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದೆವು. ಅತ್ತೆ ತಲೆಯೆತ್ತದೆ ಹೇಳಿದರು.

“ಮೂರು ಗಂಟೆ ಬೆಂದ ಚಮಚ ಕಪ್ಪಾಗಿರುತ್ತೆ. ಹಿಟ್ಟು ಹತ್ತಿರುತ್ತೆ. ಕೆಮ್ಮಿನ ಔಷಧಿ ವಾಸ್ನೆ ಬರಲ್ಲ.”

ನಾನು ಅಂಟಿಸುತ್ತಿದ್ದ ಚೀಟಿ ಡಬ್ಬಿಗೆ ಸೊಟ್ಟಗೆ ಅಂಟಿತು. “ತಪ್ಪಾಯ್ತು ಅತ್ತೆ. ನಾನೇ ತಗೊಂಡಿದ್ದೆ. ಮರ್ತೇಹೋಗಿತ್ತು.”

“ಮೂವತ್ತನಾಲ್ಕು ವರ್ಷ ನಾನು ಸುಳ್ಳು ಎಣಿಕೆಗೆ ರುಜು ಹಾಕಿದವಳಲ್ಲ.”

“ಮತ್ತೆ ಯಾಕೆ ಹಾಕಿದ್ರಿ?”

ಅತ್ತೆ ಕೈಯಲ್ಲಿದ್ದ ಸರ ಕೆಳಗಿಟ್ಟರು. “ಸುಳ್ಳೆಲ್ಲಿ? ಐದು ಇದ್ವು, ಐದೂ ಸಿಕ್ವು. ನನ್ನ ತಲೆ ಕೆಟ್ಟಿದೆ ಅಂತಾನೇ ಅಂದ್ಕೊಂಡಿದ್ದೆ ಕಣೇ. ಬೆಳಿಗ್ಗೆ ನಾಲ್ಕನ್ನೇ ಐದು ಅಂತ ಎಣಿಸಿದ್ನೇನೋ, ಇನ್ನು ಏನೇನು ಮರೀತೀನೋ, ನಿನ್ನ ಮುಖಾನೂ ಮರೀತೀನೇನೋ ಅಂತ ಆ ಕೇಕ್ ಕುಯ್ಯುವಾಗ ಜೀವ ಹೋಗಿತ್ತು. ಆ ಔಷಧಿ ವಾಸ್ನೆ ಬಂತು ನೋಡು, ಹೋದ ಜೀವ ವಾಪಸ್ ಬಂತು. ತಪ್ಪು ನಂದಲ್ಲ, ನಿಂದು!”

ಹೇಳುತ್ತ ನಗತೊಡಗಿದರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ನನ್ನ ತಪ್ಪಿನಿಂದ ಒಬ್ಬರಿಗೆ ಇಷ್ಟು ಸಂತೋಷವಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು.

“ಹೋದ ವರ್ಷದ ಗ್ಯಾಸೂ ನೀನೇನಾ?”

ಹೌದು ಅಂದುಬಿಡೋಣ ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ನೋಡುತ್ತಿದ್ದ ರೀತಿಗೆ ಸುಳ್ಳು ಹೊರಡಲಿಲ್ಲ.

“ಇಲ್ಲ ಅತ್ತೆ. ಅದು ನೀವೇ.”

ಅವರು ತಲೆಯಾಡಿಸಿದರು. ಡಬ್ಬಿಯ ಮುಚ್ಚಳ ಒತ್ತಿ, ಚೀಟಿಯ ಮೂಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ಕೂರಿಸಿದರು.

“ಹಾಗಾದ್ರೆ ಇವತ್ತಿಂದ ಗ್ಯಾಸ್ ನೀನು ನೋಡ್ಕೋ” ಅಂದರು. “ಚಮಚ ನಾನು ನೋಡ್ಕೋತೀನಿ.”