ಚೌಕಳಿ ಸೀರೆಯ ಫೋಟೋ

ಹಿರಿಯರ ಹಬ್ಬಕ್ಕೆಂದು ನಾನು ಹುಟ್ಟಿದೂರಿಗೆ ಹೋದದ್ದು ಇಪ್ಪತ್ತೆರಡು ವರ್ಷಗಳ ಮೇಲೆ. ಯಾರೂ ಬಲವಂತ ಮಾಡಿರಲಿಲ್ಲ. ಈ ಸಲ ಬಂದೇ ಬರುತ್ತೇನೆ, ಅಜ್ಜಿಗೆ ಎಡೆ ಇಡುವುದು ಯಾವತ್ತು ಹೇಳಿ ಎಂದು ನಾನೇ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ಅವರು ಖುಷಿಪಟ್ಟು ದಿನ ಹೇಳಿದರು. ನಾನು ಏನು ತರುತ್ತಿದ್ದೇನೆಂದು ಮಾತ್ರ ಅವರಿಗೆ ಹೇಳಲಿಲ್ಲ.

ಊರು ಹಂದನಕೆರೆಯ ಹತ್ತಿರ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿ ನಾವು ಗದಗಕ್ಕೆ ಹೋದಾಗ ನನಗೆ ಐದು ವರ್ಷ. ಮರುವರ್ಷವೇ ಅಜ್ಜಿ, ಎಂದರೆ ಅಪ್ಪನ ತಾಯಿ, ತೀರಿಕೊಂಡಳು. ನಾನು ಗದಗದಲ್ಲೇ ಓದಿ, ಅಲ್ಲೇ ಮದುವೆಯಾಗಿ, ಅಲ್ಲಿನ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರಾದೆ. ಟೀಚರಾದ ಮೇಲೆ ಅಜ್ಜಿ ನನಗೆ ಬಹಳ ಉಪಯೋಗಕ್ಕೆ ಬಂದಳು. ಶಾಲೆಯ ಸಮಾರಂಭವಿರಲಿ, ಮಹಿಳಾ ಸಂಘದ ಸಭೆಯಿರಲಿ, “ನಮ್ಮಜ್ಜಿ ಹೇಳುತ್ತಿದ್ದಳು” ಎಂದು ಶುರು ಮಾಡಿದರೆ ಜನ ಕಿವಿಗೊಡುತ್ತಿದ್ದರು. ಅವಳು ಎಂದೂ ಹೇಳಿರದ ಎಷ್ಟೋ ಮಾತುಗಳನ್ನು ನಾನು ಅವಳ ಬಾಯಿಂದ ಆಡಿಸಿದ್ದೇನೆ. ಒಮ್ಮೆ ಒಂದು ಲೇಖನದಲ್ಲಿ, ಅಜ್ಜಿಯ ಮುಖ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ ಎಂದು ಬರೆದೆ. ಓದಿದವರು ಕಣ್ಣೀರು ಬಂತು ಎಂದರು.

ನಾನು ಊರಿಗೆ ಹೋದ ವರ್ಷದ ಬೇಸಿಗೆಯಲ್ಲಿ ತಿಪಟೂರಿನಲ್ಲಿ ನಂಟರ ಮದುವೆ. ದೂರದ ಸಂಬಂಧಿ ಹೆಂಗಸೊಬ್ಬರು ಹಳೆಯ ಆಲ್ಬಮ್ ತಂದು ಎಲ್ಲರಿಗೂ ತೋರಿಸುತ್ತಿದ್ದರು. ಅದರಲ್ಲೊಂದು ಕಪ್ಪು ಬಿಳುಪು ಫೋಟೋ. ಹದಿನೆಂಟು ಇಪ್ಪತ್ತರ ಹೆಣ್ಣುಮಗಳು, ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಕಿವಿಯಲ್ಲಿ ಬೆಂಡೋಲೆ, ಮೈಮೇಲೆ ದೊಡ್ಡ ದೊಡ್ಡ ಚೌಕಳಿಯ ರೇಷ್ಮೆ ಸೀರೆ. ಸೀರೆ ಕಂಡ ಕೂಡಲೇ ಆಲ್ಬಮ್ ನನ್ನ ಕಡೆಗೆ ಎಳೆದುಕೊಂಡೆ. ಅದು ಅಜ್ಜಿಯ ಸೀರೆ. ಅಪ್ಪ ಗದಗಕ್ಕೆ ತಂದು, ಅಮ್ಮ ಟ್ರಂಕಿನಲ್ಲಿ ಕಾಪಾಡಿ, ಈಗ ನನ್ನ ಬೀರುವಿನಲ್ಲಿರುವ ಸೀರೆ.

“ಇದು ನಮ್ಮಜ್ಜಿ ಅಲ್ವಾ?” ಎಂದು ಕೇಳಿದೆ.

“ಇರ್ಬೌದು ಕಣಮ್ಮ. ನಮ್ಮತ್ತೆ ಇಟ್ಕೊಂಡಿದ್ ಫೋಟೋ. ನಂಗೂ ಸರ್‍ಯಾಗಿ ಗೊತ್ತಿಲ್ಲ” ಎಂದರು ಅವರು.

‘ಇರಬಹುದು’ ಎಂದದ್ದು ನನ್ನ ಕಿವಿಗೆ ‘ಹೌದು’ ಎಂದೇ ಬಿತ್ತು. ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆದುಕೊಂಡೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಚಿಕ್ಕಪ್ಪನಿಗೆ, ಸಾಲಿನಲ್ಲಿದ್ದ ಹತ್ತು ಜನರಿಗೆ ಕೇಳುವ ಹಾಗೆ, “ವರ್ಷಾ ವರ್ಷಾ ಎಡೆ ಇಡ್ತೀರಿ. ಅಜ್ಜೀದೊಂದು ಫೋಟೋ ಹುಡುಕಿ ಇಡೋಕೆ ಇಷ್ಟು ದಿನ ಆಗ್ಲಿಲ್ವಾ?” ಎಂದೆ. ಚಿಕ್ಕಪ್ಪ ಅನ್ನ ಕಲಸುತ್ತ, “ಅವ್ವ ಫೋಟೋನೇ ತಗ್ಸ್ಲಿಲ್ಲ ಕಣವ್ವ” ಎಂದರು. ಆ ಮಾತಿಗಾದರೂ ನಾನು ನಿಂತು ಯೋಚಿಸಬೇಕಿತ್ತು. ಮಗನಿಗೇ ಗೊತ್ತಿರದದ್ದು ನನಗೆ ಸಿಕ್ಕಿದೆ ಎಂದು ಒಳಗೊಳಗೇ ಬೀಗಿದೆ.

ಗದಗದ ಸ್ಟುಡಿಯೋದಲ್ಲಿ ಅದನ್ನು ದೊಡ್ಡದು ಮಾಡಿಸಿ, ಬಣ್ಣ ಹಾಕಿಸಿ, ಬಂಗಾರದ ಬಣ್ಣದ ಕಟ್ಟು ಹಾಕಿಸಿದೆ. ಸೀರೆಯ ಬಣ್ಣ ತಪ್ಪಬಾರದೆಂದು ಬೀರುವಿನ ಸೀರೆಯನ್ನೇ ತೆಗೆದುಕೊಂಡು ಹೋಗಿ ತೋರಿಸಿದ್ದೆ. ಹಬ್ಬದ ಹಿಂದಿನ ದಿನ ರೈಲಿನಲ್ಲಿ, ದುಪ್ಪಟಿಯಲ್ಲಿ ಸುತ್ತಿದ ಆ ಫೋಟೋವನ್ನು ತೊಡೆಯ ಮೇಲಿಂದ ಇಳಿಸದೆ ಬಂದೆ.

ಮನೆಯ ಅಟ್ಟದ ಮೇಲೆ ಕೊಬ್ಬರಿಗೆಂದು ಬಿಟ್ಟ ಕಾಯಿ ತುಂಬಿತ್ತು. ಹಬ್ಬದ ದಿನ ಚಿಕ್ಕಮ್ಮ ಬೆಳಗ್ಗೆಯಿಂದಲೇ ಒಲೆಯ ಮುಂದೆ ಕೂತು ಕಜ್ಜಾಯ ಬೇಯಿಸುತ್ತಿದ್ದಳು. ನಡುಮನೆಯಲ್ಲಿ ಮಣೆಯ ಮೇಲೆ ಕಳಶ, ಅದರ ಮುಂದೆ ಮಡಿಸಿಟ್ಟ ಹೊಸ ಸೀರೆ, ಪಕ್ಕದಲ್ಲಿ ಅಜ್ಜಿ ಎಲೆ ಅಡಿಕೆಗೆ ಬಳಸುತ್ತಿದ್ದ ಹಿತ್ತಾಳೆಯ ಸುಣ್ಣದ ಡಬ್ಬಿ. ಇಷ್ಟು ವರ್ಷ ಆ ಮನೆಯವರಿಗೆ ಅಜ್ಜಿ ಎಂದರೆ ಅಷ್ಟೇ. ನಾನು ಕಳಶವನ್ನು ಒಂದು ಮೂಲೆಗೆ ಸರಿಸಿ, ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ದುಪ್ಪಟಿ ಬಿಚ್ಚಿ ಫೋಟೋ ನಿಲ್ಲಿಸಿದೆ.

ಚಿಕ್ಕಮ್ಮ ಈ ಮನೆಗೆ ಬಂದದ್ದು ಅಜ್ಜಿ ಹೋದ ಮೇಲೆ. ಅವಳು ಕೈ ಒರೆಸಿಕೊಂಡು ಬಂದು, “ಎಂಗವ್ರೆ ನೋಡು ನಮ್ಮತ್ತೆ, ರಾಣಿ ಇದ್ದಂಗೆ” ಎಂದು ಕೈಮುಗಿದಳು. ಚಿಕ್ಕಪ್ಪ ಫೋಟೋವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರ ಹಿಡಿದರು, ದೂರ ಹಿಡಿದರು.

“ಅವ್ವನ ಮೊಖ ಇಷ್ಟು ನುಣ್ಣಗಿರ್ಲಿಲ್ಲ ಕಣವ್ವ” ಎಂದರು.

“ವಯಸ್ಸಲ್ಲಿ ತೆಗೆದದ್ದು ಚಿಕ್ಕಪ್ಪ. ಸ್ಟುಡಿಯೋದವನು ತಿದ್ದಿಯೂ ಇದಾನೆ. ಸೀರೆ ನೋಡಿ, ಅದೇ ಸೀರೆ ನಮ್ಮನೇಲಿದೆ. ಅವಳ ಮಡಿಲಲ್ಲೇ ಬೆಳೆದೋಳು ನಾನು, ನನಗೆ ಗುರುತು ಸಿಗಲ್ವಾ?”

ಇಪ್ಪತ್ತು ವರ್ಷ ಆ ತಾಯಿಯ ಕೈಯಲ್ಲಿ ಉಂಡವರು ಅವರು. ಐದು ವರ್ಷಕ್ಕೆ ಊರು ಬಿಟ್ಟವಳು ನಾನು. ಆದರೂ ಚಿಕ್ಕಪ್ಪ, “ಓದ್ದೋಳು ನೀನು. ನೀನ್ ಹೇಳಿದ್ ಮ್ಯಾಲೆ ಸರಿ ಬುಡು” ಎಂದು ಫೋಟೋ ತಂದು ಕೊಟ್ಟರು.

ಹಾರ ಹಾಕಿದೆ. ಗಾಜಿನ ಮೇಲೆ ಹಣೆಯ ಜಾಗ ನೋಡಿ ಕುಂಕುಮವಿಟ್ಟೆ. ದೀಪ ಹಚ್ಚಿದೆ. ಅಡಿಗೆಯೂ ಆಯಿತು, ಹನ್ನೆರಡೂ ಹೊಡೆಯಿತು, ಎಡೆ ಇಡಲು ಯಾರೂ ಅವಸರ ಮಾಡಲಿಲ್ಲ. ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಿದಾಗ ಚಿಕ್ಕಮ್ಮ, “ಶೆಟ್ಟಿಕೆರೆ ಚಿಕ್ಕಜ್ಜಿ ಬರ್ಬೇಕಲ್ಲ” ಎಂದಳು.

ಚಿಕ್ಕಜ್ಜಿ ಎಂದರೆ ಅಜ್ಜಿಯ ಒಡಹುಟ್ಟಿದ ತಂಗಿ. “ಅವರು ಇನ್ನೂ ಇದಾರಾ?” ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು.

“ಅಯ್ಯೋ, ಇಲ್ದೆ ಏನು! ಪ್ರತಿ ವರ್ಸ ಅವ್ರು ಬಂದ್ ಮ್ಯಾಲೇ ನಾವು ಎಡೆ ಇಡೋದು” ಎಂದು ಚಿಕ್ಕಮ್ಮ ನನ್ನನ್ನೇ ನೋಡಿದಳು. ನಾನು ಬೇರೆ ಮಾತೆತ್ತಿದೆ.

ಒಂದು ಗಂಟೆಯ ಬಸ್ಸಿಗೆ ಚಿಕ್ಕಜ್ಜಿ ಬಂದಳು. ಎಂಬತ್ತು ದಾಟಿದ ಸಣಕಲು ಜೀವ. ಕೈಯಲ್ಲಿ ಒಂದು ಹೊಂಬಾಳೆ, ಒಂದು ಕಟ್ಟು ವೀಳ್ಯದೆಲೆ. ಜಗಲಿಯ ಬಳಿ ಕಾಲು ತೊಳೆದುಕೊಂಡು, ನಾನು ಯಾರೆಂದು ಕೇಳಿ ತಿಳಿದು, ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ನಾನು ಉಬ್ಬಿಹೋಗಿ ಅವಳ ಕೈ ಹಿಡಿದು, “ಬನ್ನಿ ಚಿಕ್ಕಜ್ಜಿ, ನಿಮ್ಮಕ್ಕನ್ನ ತೋರಿಸ್ತೀನಿ” ಎಂದು ನಡುಮನೆಗೆ ಕರೆದುಕೊಂಡು ಹೋದೆ.

ಅವಳು ಫೋಟೋದ ಮುಂದೆ ನಿಂತಳು. ನನ್ನ ಕೈಯಲ್ಲಿದ್ದ ಅವಳ ಕೈ ಬಿಗಿಯಾಯಿತು. ಅಳುತ್ತಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅಳಲಿ ಎಂದು ಕಾಯುತ್ತಿದ್ದೆ.

“ಇದು ನಾನಲ್ವೇನೇ?” ಎಂದಳು ಚಿಕ್ಕಜ್ಜಿ.

ಅವಳು ಹಾರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಬದ್ಕಿರೋಳ್ಗೇ ಹಾರ ಹಾಕ್ಬುಟ್ಟಿದ್ದೀರಲ್ಲೇ.”

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ನಾನು ವಾದಕ್ಕೆ ನಿಂತೆ. ಆ ಫೋಟೋದಲ್ಲಿದ್ದವಳ ಎದುರಿಗೇ ನಿಂತು, “ಇಲ್ಲ ಚಿಕ್ಕಜ್ಜಿ, ಸೀರೆ ಅಜ್ಜೀದೇ, ನನಗೆ ಚೆನ್ನಾಗಿ ಗೊತ್ತು” ಎಂದೆ.

“ಸೀರೆ ಅವಳ್ದೇ ಕಣೇ. ಓಲೆನೂ ಅವಳ್ದೇ. ಮೊಖ ನಂದು. ಗಂಡಿನ ಕಡೇರು ಫೋಟೋ ಕೇಳಿದ್ರು. ನನ್ತಾವ ಒಂದ್ ಒಳ್ಳೆ ಸೀರೆ ಇರ್ಲಿಲ್ಲ. ಅಕ್ಕ ತನ್ ಮದ್ವೆ ಸೀರೆ ಉಡ್ಸಿ, ಕಿವೀಲಿದ್ದ ಓಲೆ ಬಿಚ್ಚಿ ಹಾಕಿ, ತಿಪ್ಟೂರ್ಗೆ ಕರ್ಕೊಂಡೋಗಿ ತಗ್ಸುದ್ಲು. ನೀನೂ ಒಂದ್ ತಗ್ಸಕ್ಕ ಅಂದ್ರೆ ಒಳೀಕೇ ಬರ್ಲಿಲ್ಲ. ಬಾಗ್ಲಲ್ಲೇ ನಿಂತಿದ್ಲು.”

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹಾರ ತೆಗೆಯಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ ಚಿಕ್ಕಜ್ಜಿಯೇ ಬಗ್ಗಿ ತನ್ನ ಫೋಟೋದ ಹಾರ ತೆಗೆದಳು, ಸೆರಗಿನ ತುದಿಯಿಂದ ಕುಂಕುಮ ಒರೆಸಿದಳು. “ಎಂಬತ್ತರ ಮ್ಯಾಲಾಯ್ತು. ಒಂದ್ ಹಾರಕ್ಕೆ ಹೆದ್ರುಕೊಂತೀನಾ ನಾನು” ಎಂದು ನಕ್ಕಳು.

ಆಗ ಚಿಕ್ಕಪ್ಪ ಮುಂದೆ ಬಂದು, “ತಪ್ಪು ನಂದೇ ಚಿಕ್ಕವ್ವ. ಕಣ್ಣು ಸರ್‍ಯಾಗಿ ಕಾಣಾಕಿಲ್ಲ. ನಾನೇ ಅವ್ವ ಅಂದ್ಬುಟ್ಟೆ” ಎಂದು ಅವಳ ಕಾಲು ಮುಟ್ಟಿದರು.

ಅಲ್ಲ, ಚಿಕ್ಕಪ್ಪ ಅನುಮಾನಪಟ್ಟಿದ್ದರು, ನಾನೇ ಕೇಳಲಿಲ್ಲ ಎಂದು ಒಂದು ಮಾತು ಹೇಳುವುದು ಎಷ್ಟು ಹೊತ್ತಿನ ಕೆಲಸ? ನಾಲಿಗೆಯ ತುದಿಯವರೆಗೂ ಬಂತು. ಹೇಳಲಿಲ್ಲ. ತಾಯಿಯ ಗುರುತು ಸಿಗದ ಮಗನೆಂಬ ಮಾತನ್ನು ಅವರು ಹೊತ್ತುಕೊಂಡರು, ನಾನು ಹೊರಲು ಬಿಟ್ಟೆ. ಕಳಶವನ್ನೂ ಡಬ್ಬಿಯನ್ನೂ ಚಿಕ್ಕಮ್ಮ ಮತ್ತೆ ಅವುಗಳ ಜಾಗಕ್ಕೆ ತಂದಿಟ್ಟಳು. ಚಿಕ್ಕಜ್ಜಿ ಹೊಂಬಾಳೆ ಸಿಕ್ಕಿಸಿದಳು. ಎಡೆಯಾಯಿತು, ಊಟವೂ ಆಯಿತು. ಊಟದ ಹೊತ್ತಿಗೆ ಯಾರೂ ಫೋಟೋದ ಮಾತೆತ್ತಲಿಲ್ಲ. ಇನ್ನೊಂದು ಕಜ್ಜಾಯ ಹಾಕಿಸ್ಕೊ ಎಂದು ಚಿಕ್ಕಪ್ಪ ಎರಡೆರಡು ಸಲ ಹೇಳಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಗ್ಗೆ ಚಿಕ್ಕಜ್ಜಿ ಹೊರಟು ನಿಂತು, “ನಂದೇ ಫೋಟೋ ತಾನೇ? ಎತ್ಕೊಂಡ್ ಬಾ ನನ್ನೊತೆ” ಎಂದಳು. ಇಬ್ಬರೂ ಬಸ್ಸಿನಲ್ಲಿ ಶೆಟ್ಟಿಕೆರೆಗೆ ಹೋದೆವು. ಅವಳ ಮನೆಯಲ್ಲಿ, ಕ್ಯಾಲೆಂಡರ್ ನೇತುಹಾಕಿದ್ದ ಮೊಳೆಗೆ ನನ್ನಿಂದಲೇ ಫೋಟೋ ಹಾಕಿಸಿದಳು. ಗೋಡೆಗೆ ಒರಗಿ ಕೂತು ಅದನ್ನೇ ನೋಡುತ್ತಿದ್ದಳು.

“ಅಜ್ಜಿ ಯಾಕೆ ಫೋಟೋ ತೆಗೆಸಿಕೊಳ್ಳಲಿಲ್ಲ?” ಎಂದು ಕೇಳಿದೆ.

“ಮೊಖದ ತುಂಬ ಸಿಡುಬಿನ ಗುಳಿ ಅಲ್ವೇನೇ. ಚಿಕ್ಕೋಳಿದ್ದಾಗ ಆಗಿದ್ದು. ಕೆನ್ನೆ ಮ್ಯಾಲೆ ಒಂದ್ ಬೆರಳಿಡೋವಷ್ಟು ಜಾಗ ನುಣ್ಣಗಿರ್ಲಿಲ್ಲ. ಅದ್ಕೇ ಬಾಗ್ಲಲ್ಲೇ ನಿಂತ್ಕೊಂಡ್ಲು.” ನನ್ನ ಕಡೆ ತಿರುಗಿದಳು. “ನಿಂಗೆ ನೆಪ್ಪಿಲ್ವಾ? ಅವಳ ತೊಡೆ ಮ್ಯಾಲೆ ಮಲಿಕ್ಕೊಂಡು ಆ ಗುಳೀಗೆಲ್ಲ ಬೆಳ್ಳಿಟ್ಟು ಒಂದು, ಎಲ್ಡು ಅಂತ ಎಣಿಸ್ತಿದ್ದೆ. ಇಪ್ಪತ್ತರ ಮ್ಯಾಲೆ ನಿಂಗೆ ಬರ್ತಿರ್ಲಿಲ್ಲ. ಮತ್ತೆ ಒಂದ್ರಿಂದ ಸುರು ಮಾಡ್ತಿದ್ದೆ. ಬ್ಯಾರೆ ಯಾರಾದ್ರೂ ಅವಳ ಮೊಖ ದಿಟ್ಟಿಸಿದ್ರೆ ಸೆರಗು ಎಳ್ಕೊಳ್ಳೋಳು. ನಿನ್ ಕೈಲಿ ಮಾತ್ರ ಸುಮ್ಕೆ ಕೂತು ಎಣಿಸ್ಕೊಳ್ಳೋಳು.”

ನಾನು ಕಣ್ಣು ಮುಚ್ಚಿಕೊಂಡು ಹುಡುಕಿದೆ. ಒಂದು ತೊಡೆ, ಒಂದು ಕೆನ್ನೆ, ಬೆರಳಿಗೆ ತಾಕುವ ಒಂದು ಗುಳಿ. ಏನೂ ಇರಲಿಲ್ಲ. ನೆನಪೆಂದು ನಾನು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ಬಂದದ್ದರಲ್ಲಿ ಇದರ ಒಂದು ಚೂರೂ ಇರಲಿಲ್ಲ. ಕಣ್ಣು ಬಿಟ್ಟಾಗ ಚಿಕ್ಕಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು.

“ಹೂಂ ಚಿಕ್ಕಜ್ಜಿ, ನೆನಪಿದೆ” ಎಂದೆ.

“ನಂಗೊತ್ತಿತ್ತು ಕಣೇ. ಅದೆಂಗ್ ಮರ್ತೀಯ ಅದ್ನ” ಎಂದಳು. ಅವಳ ಮುಖ ಅರಳಿತು. ಮಂಡಿ ಹಿಡಿದುಕೊಂಡು ಎದ್ದು ಕಾಫಿ ಕಾಯಿಸಲು ಹೋದಳು. ಅವಳು ಒಳಗಿದ್ದಷ್ಟು ಹೊತ್ತು, ಲೋಟ ತಂದುಕೊಟ್ಟ ಮೇಲೆ ಕುಡಿಯುವಷ್ಟು ಹೊತ್ತು, ಇಲ್ಲ ಚಿಕ್ಕಜ್ಜಿ, ಸುಳ್ಳು ಹೇಳಿದೆ ಎನ್ನಲು ನನಗೆ ಬೇಕಾದಷ್ಟು ಸಮಯವಿತ್ತು.

ಬೇಡವೆಂದರೂ ಕೇಳದೆ ನಾಲ್ಕು ಸುಲಿದ ಕಾಯಿ ನನ್ನ ಚೀಲಕ್ಕೆ ತುಂಬಿ, ಬಸ್ ಸ್ಟಾಪಿನವರೆಗೂ ಬಂದಳು. ಅಲ್ಲಿ ಹುಲ್ಲಿನ ಹೊರೆ ಇಳಿಸಿಕೊಂಡು ಕೂತಿದ್ದ ಹೆಂಗಸೊಬ್ಬಳು, ಯಾರಿದು ಎಂದು ಕೇಳಿದಳು. ಚಿಕ್ಕಜ್ಜಿ ನನ್ನ ತೋಳು ಹಿಡಿದು, “ನಮ್ಮಕ್ಕನ ಮೊಮ್ಮಗ್ಳು ಕಣವ್ವ. ಐದ್ ವರ್ಸಕ್ಕೆ ಊರ್ ಬುಟ್ಟೋಳು. ಆದ್ರೂ ನಮ್ಮಕ್ಕನ ಮೊಖ ಎಂಗ್ ನೆಪ್ಪಿಕ್ಕೊಂಡವ್ಳೆ ಅಂತೀಯ” ಎಂದಳು.

ಆ ಹೆಂಗಸು ಮೆಚ್ಚುಗೆಯಿಂದ ನನ್ನನ್ನು ನೋಡಿದಳು. ನಾನು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಬಸ್ಸು ಬರುವ ದಾರಿಯ ಕಡೆ ಮುಖ ತಿರುಗಿಸಿದೆ.